ಶನಿವಾರ ಮಧ್ಯಾಹ್ನದ ತರಬೇತಿ: ದಂಡಿನಿಂದ ಕೆ.ಆರ್. ಪುರದವರೆಗೆ ಸಮಾಜ ವಿಜ್ಞಾನ ಶಿಕ್ಷಕರಿಗೊಂದು ಕೈಪಿಡಿ

ಪ್ರೌಢಶಾಲೆಯ ಗಣಿತದ ಮೇಷ್ಟ್ರು ಗಣಿತ ಓದಿಯೇ ಬಂದಿರುತ್ತಾರೆ, ಹಿಂದಿ ಮೇಡಂ ಹಿಂದಿ ಓದಿ ಬಂದಿರುತ್ತಾರೆ. ಸಮಾಜ ವಿಜ್ಞಾನದವರ ಪಾಡು ಬೇರೆ. ರಾಜ್ಯ ಪಠ್ಯಕ್ರಮದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಭಾಗಗಳಿವೆ. ಬಿ.ಎ.ಯಲ್ಲಿ ಎಚ್‌ಇಪಿ ಓದಿದವರು, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರು, ಕೆಲಸಕ್ಕೆ ಸೇರಿದ ಮರುದಿನವೇ ಮಾನ್ಸೂನ್ ಮಾರುತಗಳನ್ನೂ ಬ್ಯಾಂಕ್ ಖಾತೆಗಳ ವಿಧಗಳನ್ನೂ ಪಾಠ ಮಾಡಬೇಕು. ತಾವು ಪಿಯುಸಿಯ ನಂತರ ಮುಟ್ಟದೇ ಇದ್ದ ವಿಷಯವನ್ನು ಹತ್ತನೇ ತರಗತಿಯ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಗೆ ತಯಾರು ಮಾಡಿಸಬೇಕು.

ಇದಕ್ಕೆ ಇಲಾಖೆ ಏನೂ ಮಾಡಿಲ್ಲ ಎನ್ನುವಂತಿಲ್ಲ. ಡಿಎಸ್‌ಇಆರ್‌ಟಿ ಇದೆ, ಜಿಲ್ಲೆಗೆ ಡಯಟ್ ಇದೆ, ಮೊಬೈಲ್‌ನಲ್ಲಿ ದೀಕ್ಷಾ ಇದೆ, ಅದರ ಮೇಲೆ ನಿಷ್ಠಾ ಕೋರ್ಸುಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ; ಸಿಬಿಎಸ್‌ಇ ಶಾಲೆಗಳಲ್ಲೂ ಅದೇ 50 ಗಂಟೆಯ ಲೆಕ್ಕ. ಗಂಟೆ ತುಂಬಿಸುವುದು ಕಷ್ಟವಲ್ಲ. ವಿಡಿಯೊ ಓಡಲು ಬಿಟ್ಟು ಉತ್ತರ ಪತ್ರಿಕೆ ತಿದ್ದುತ್ತಾ ಕೂತರೂ ಪ್ರಮಾಣಪತ್ರ ಬರುತ್ತದೆ. ಸೋಮವಾರದ ಮೂರನೇ ಪೀರಿಯಡ್‌ನಲ್ಲಿ ಪಾಠ ಹಿಂದಿನ ವರ್ಷದಂತೆಯೇ ನಡೆದರೆ ಆ ಗಂಟೆಗಳಿಂದ ಬಂದದ್ದೇನು?

ಕರ್ನಾಟಕದಲ್ಲಿ ಇದಕ್ಕೊಂದು ಒಳ್ಳೆಯ ಪೂರ್ವೋದಾಹರಣೆ ಇದೆ. 2010–11ರ ಹೊತ್ತಿಗೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದವು. ಎಲ್ಲರ ಬಾಯಲ್ಲೂ ಅದು ಎಸ್‌ಟಿಎಫ್. ಅದರಿಂದಲೇ ಮುಂದೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ, ಅಂದರೆ ಕೋಯರ್, ಬೆಳೆಯಿತು. ಮೇಲಿಂದ ಇಳಿಯುವ ತರಬೇತಿಯ ಪಕ್ಕದಲ್ಲಿ ಶಿಕ್ಷಕರು ಶಿಕ್ಷಕರಿಗೇ ಬರೆದುಕೊಂಡದ್ದು, ತಮ್ಮ ಊರಿನ ಚಿತ್ರ, ನಕ್ಷೆ, ಪ್ರಶ್ನೆಗಳನ್ನು ಹಂಚಿಕೊಂಡದ್ದು ಅದರ ಹೆಚ್ಚುಗಾರಿಕೆ. ಅದೇ ಕೆಲಸವನ್ನು ನಾಲ್ಕೈದು ಜನ ಕೂಡಿ, ನಡೆದು ಹೋಗುವಷ್ಟು ದೂರದಲ್ಲಿ ಹೇಗೆ ಮಾಡಬಹುದು ಎಂಬುದು ಈ ಲೇಖನದ ವಿಷಯ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆಯವರಿಗೆ ಇದು ಇನ್ನೂ ಸುಲಭ. ಪಠ್ಯಪುಸ್ತಕದ ಅರ್ಧ ಅವರ ಬೀದಿಗಳಲ್ಲೇ ಇದೆ.

ಮೊದಲು ಖಾಲಿ ಬಿಟ್ಟ ಉತ್ತರಗಳನ್ನು ನೋಡಿ

‘ನನಗೆ ಯಾವ ತರಬೇತಿ ಬೇಕು’ ಎಂದು ಯಾರಾದರೂ ಕೇಳಿದರೆ ನಾವೆಲ್ಲ ನಮಗೆ ಇಷ್ಟವಾದದ್ದನ್ನೇ ಹೇಳುತ್ತೇವೆ. ಇತಿಹಾಸದವರಿಗೆ ಇನ್ನಷ್ಟು ಇತಿಹಾಸ ಬೇಕು. ಆದ್ದರಿಂದ ನಿಮ್ಮನ್ನು ನೀವು ಕೇಳಿಕೊಳ್ಳಬೇಡಿ, ಮಕ್ಕಳ ಉತ್ತರ ಪತ್ರಿಕೆಗಳನ್ನು ಕೇಳಿ. ಹಿಂದಿನ ಸಂಕಲನಾತ್ಮಕ ಪರೀಕ್ಷೆಯ ಒಂದು ಕಟ್ಟು ತೆಗೆದುಕೊಳ್ಳಿ. ಅಂಕ ನೋಡಬೇಡಿ. ಯಾವ ಪ್ರಶ್ನೆಗೆ ಹೆಚ್ಚು ಮಕ್ಕಳು ಏನನ್ನೂ ಬರೆಯದೆ ಬಿಟ್ಟಿದ್ದಾರೆ, ಯಾವ ಪ್ರಶ್ನೆಗೆ ಎಲ್ಲರೂ ಒಂದೇ ವಾಕ್ಯವನ್ನು ಅಕ್ಷರ ತಪ್ಪದಂತೆ ಬರೆದಿದ್ದಾರೆ ಎಂದು ಎರಡು ಪಟ್ಟಿ ಮಾಡಿ.

ಖಾಲಿ ಬಿಟ್ಟದ್ದು ಪಾಠ ತಲುಪದಿರುವುದನ್ನು ತೋರಿಸುತ್ತದೆ. ಎಲ್ಲರೂ ಒಂದೇ ರೀತಿ ಬರೆದದ್ದು ಗೈಡಿನ ಉತ್ತರ. ಅದು ಕಾಣುವುದಕ್ಕೆ ಚೆಂದ, ಆದರೆ ಹೆಚ್ಚು ಅಪಾಯದ್ದು. ಈಗ ಆರು ಭಾಗಗಳ ಹೆಸರು ಬರೆದು, ಪದವಿಯಲ್ಲಿ ನೀವು ಓದದೇ ಇದ್ದವಕ್ಕೆ ಗುರುತು ಹಾಕಿ. ಪಟ್ಟಿಯೂ ಗುರುತೂ ಎಲ್ಲಿ ಕೂಡುತ್ತವೆಯೋ ಅದು ನಿಮ್ಮ ಈ ವರ್ಷದ ಕೆಲಸ. ಒಂದೇ ಒಂದು ಭಾಗ ಸಾಕು. ಆರನ್ನೂ ಒಟ್ಟಿಗೆ ಸರಿ ಮಾಡುತ್ತೇನೆಂದು ಹೊರಟವರು ದಸರಾ ರಜೆಯ ಹೊತ್ತಿಗೆ ಸುಸ್ತಾಗಿರುತ್ತಾರೆ.

ಪಕ್ಕದ ಶಾಲೆಯಲ್ಲಿ ಜೊತೆಗಾರರನ್ನು ಹುಡುಕಿ

ಸಮಾಜ ವಿಜ್ಞಾನಕ್ಕೆ ಒಬ್ಬರೇ ಶಿಕ್ಷಕರಿರುವ ಪ್ರೌಢಶಾಲೆಗಳು ಎಷ್ಟೋ ಇವೆ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಹಂಚಿಕೊಳ್ಳಲು ಜನರಿದ್ದಾರೆ, ವಿಷಯ ಹಂಚಿಕೊಳ್ಳಲು ಇಲ್ಲ. ಜೊತೆಗಾರರು ಪಕ್ಕದ ಶಾಲೆಯಲ್ಲಿರುತ್ತಾರೆ. ದಂಡಿನ, ಅಂದರೆ ಕಂಟೋನ್ಮೆಂಟಿನ, ಭಾಗದಲ್ಲಿ ಅದಕ್ಕೊಂದು ವಿಶೇಷ ಅನುಕೂಲವಿದೆ. ಒಂದೆರಡು ಕಿಲೋಮೀಟರಿನೊಳಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ, ಉರ್ದು ಶಾಲೆ, ಹಳೆಯ ಅನುದಾನಿತ ಶಾಲೆ, ಚರ್ಚಿನ ಶಾಲೆ, ಕೇಂದ್ರ ಪಠ್ಯಕ್ರಮದ ಖಾಸಗಿ ಶಾಲೆ ಎಲ್ಲವೂ ಸಿಗುತ್ತವೆ. ಬಳಗದಲ್ಲಿ ಇವೆಲ್ಲ ಬೆರೆತಿರಲಿ. ಉರ್ದು ಶಾಲೆಯ ಶಿಕ್ಷಕಿಗೆ ರಸೆಲ್ ಮಾರುಕಟ್ಟೆಯ ವ್ಯಾಪಾರಿಗಳ ಜೊತೆ ಮಾತಾಡುವುದು ಸಲೀಸು. ಖಾಸಗಿ ಶಾಲೆಯವರಿಗೆ ನಕ್ಷೆ ಇಳಿಸಿಕೊಂಡು ಮುದ್ರಿಸುವ ಸೌಕರ್ಯ ಇರಬಹುದು. ಸರ್ಕಾರಿ ಶಾಲೆಯವರಿಗೆ ಮಕ್ಕಳ ಮನೆ, ಅಪ್ಪಂದಿರ ಕೆಲಸ, ಅಜ್ಜಿಯರ ಊರು ಗೊತ್ತಿರುತ್ತವೆ.

ಸಂಖ್ಯೆ ನಾಲ್ಕರಿಂದ ಆರು. ಮೂವರಾದರೆ ಒಬ್ಬರು ಬಾರದ ದಿನ ಸಭೆ ಸಪ್ಪೆ. ಎಂಟು ಮಂದಿಯಾದರೆ ವಾಟ್ಸ್‌ಆ್ಯಪ್ ಗುಂಪಾಗಿ ಶುಭೋದಯದ ಚಿತ್ರಗಳು ಬರಲು ಶುರುವಾಗುತ್ತವೆ.

ದಿನ ಯಾವುದು ಎಂಬ ಚರ್ಚೆಯೇ ಬೇಡ: ಶನಿವಾರ. ಬೆಳಗಿನ ಶಾಲೆ ಮುಗಿಸಿ, ಊಟ ಮಾಡಿ, ಎರಡು ಗಂಟೆಗೆ ಕೂತರೆ ನಾಲ್ಕೂವರೆಗೆ ಎದ್ದುಬಿಡಬಹುದು. ಶನಿವಾರ ಪೂರ್ತಿ ದಿನ ಇರುವ ಖಾಸಗಿ ಶಾಲೆಯವರು ಮೂರಕ್ಕೆ ಸೇರಿಕೊಳ್ಳಲಿ. ನೇರಳೆ ಮಾರ್ಗದ ಮೆಟ್ರೊ ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರಕ್ಕೆ ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊಂಡಿ ತೆರೆದ ಮೇಲೆ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ದಟ್ಟಣೆಯನ್ನು ನೆಪ ಹೇಳುವಂತಿಲ್ಲ. ಸಭೆ ತಿಂಗಳಿಗೊಮ್ಮೆ ಸಾಕು, ಪ್ರತಿ ಸಲ ಬೇರೆ ಶಾಲೆಯಲ್ಲಿ. ಶಾಲೆಯ ಹೊತ್ತಿನ ಹೊರಗೆ ನಡೆಯುವುದರಿಂದ ಓಓಡಿಯ ತಂಟೆ ಇಲ್ಲ. ಆದರೂ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಟ್ಟಿರಿ, ಕ್ಲಸ್ಟರ್‌ಗೂ ಡಯಟ್‌ಗೂ ಒಂದು ಪ್ರತಿ ಕಳಿಸಿ. ಮುಂದೆ ಮಕ್ಕಳನ್ನು ಹೊರಗೆ ಕರೆದೊಯ್ಯಲು ಅನುಮತಿ ಬೇಕಾದಾಗ ಆ ಪತ್ರ ಕೆಲಸಕ್ಕೆ ಬರುತ್ತದೆ.

ಒಂದು ಕಲ್ಲು, ಒಂದು ಕೆರೆ

ಮೊದಲ ಎರಡು ಸಭೆಗಳಿಗೆ ನನ್ನ ಸಲಹೆ ವಿಭೂತಿಪುರ. ಎಚ್‌ಎಎಲ್ ಹಳೆಯ ವಿಮಾನ ನಿಲ್ದಾಣದ ಆಚೆ, ಕೆ.ಆರ್. ಪುರದ ದಿಕ್ಕಿನಲ್ಲಿರುವ ಈ ಊರಿನ ಮಠದಲ್ಲಿ 1307ರ ತಮಿಳು ಶಾಸನವಿದೆ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ, ಊರು ಹೂಡಿದ ವಿವರ ಅದರಲ್ಲಿದೆ. ಕೆರೆ ಇಂದಿಗೂ ಇದೆ. ಇನ್ನೂ ಪೂರ್ವಕ್ಕೆ ಹೋದರೆ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ಶಾಸನ ಪಟ್ಟಂದೂರು ಕೆರೆ ತೋಡಿಸಿದ್ದನ್ನು ಹೇಳುತ್ತದೆ. ಇತ್ತ ಇಂದಿರಾನಗರದ ಮಗ್ಗುಲಲ್ಲೇ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ಗೋಡೆ, ಬಾಗಿಲವಾಡಗಳ ಮೇಲೂ ಶಾಸನಗಳಿವೆ.

ಪಠ್ಯ ಎಲ್ಲಿ ಸಿಗುತ್ತದೆ? ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. ಅಂತರ್ಜಾಲದ ಹಳೆಯ ಪುಸ್ತಕಗಳ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತದೆ. ಮೂಲಪಾಠವೂ ಇಂಗ್ಲಿಷ್ ಅನುವಾದವೂ ಇವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ದಾಖಲಿಸುವ ಯೋಜನೆ ನಡೆಸಿದೆ. ಸವೆದ ಅಕ್ಷರಗಳು ಪರದೆಯ ಮೇಲೆ ಎದ್ದು ಕಾಣುವುದರಿಂದ ತರಗತಿಗೆ ಅದು ಫೋಟೊಗಿಂತ ಎಷ್ಟೋ ಉತ್ತಮ. ಆ ಸಂಸ್ಥೆ 1909ರಲ್ಲಿ ಹುಟ್ಟಿದ್ದು ದಂಡಿನ ಕಲೆಕ್ಟರ್ ಆಗಿದ್ದ ಎಫ್.ಜೆ. ರಿಚರ್ಡ್ಸ್‌ರ ಮುತುವರ್ಜಿಯಿಂದ ಎಂಬುದು ಈ ಭಾಗದ ಶಿಕ್ಷಕರಿಗೆ ಗೊತ್ತಿರಬೇಕಾದ ಸಂಗತಿ.

ಸಭೆಯಲ್ಲಿ ಮಾಡುವುದು ಹೀಗೆ. ಶಾಸನದ ಅನುವಾದವನ್ನು ಕನ್ನಡಕ್ಕೆ ಸರಳವಾಗಿ ಬರೆದು, ಒಬ್ಬರು ಜೋರಾಗಿ ಓದಲಿ. ಓದಿದ ಕೂಡಲೇ ಯಾರೂ ವಿವರಿಸಕೂಡದು, ಇದು ಕಟ್ಟುನಿಟ್ಟು. ಶಿಕ್ಷಕರಿಗೆ ವಿವರಿಸುವ ಚಟ, ಆ ಚಟವನ್ನು ಹತ್ತು ನಿಮಿಷ ಹಿಡಿದಿಡುವುದೇ ತರಬೇತಿಯ ಅತಿ ಕಷ್ಟದ ಭಾಗ. ಎಲ್ಲರೂ ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಇದನ್ನು ಬರೆಸಿದವರು ಯಾರು, ಯಾರಿಗೆ ತಿಳಿಯಲೆಂದು ಬರೆಸಿದರು; ಆ ಹೊತ್ತಿಗೆ ಸುತ್ತ ಏನು ನಡೆಯುತ್ತಿತ್ತು; ಇದನ್ನು ಇನ್ನಾವುದರ ಜೊತೆ ಹೋಲಿಸಿ ನೋಡಬಹುದು; ಇದರಲ್ಲಿ ಹೇಳದೆ ಬಿಟ್ಟದ್ದು ಏನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಪ್ರೌಢಶಾಲೆಗಳಿಗೆಂದು ರೂಪಿಸಿದ, ಇತಿಹಾಸಕಾರರ ಹಾಗೆ ಓದಿಸುವ ವಿಧಾನದ ತಿರುಳೂ ಹೆಚ್ಚುಕಡಿಮೆ ಇದೇ. ನಮ್ಮ 8ನೇ ತರಗತಿಯ ‘ಆಧಾರಗಳು’ ಪಾಠಕ್ಕೆ ಇದನ್ನು ಜೋಡಿಸಿದರೆ, ‘ಶಾಸನಗಳು ಪುರಾತತ್ವ ಆಧಾರಗಳು’ ಎಂಬ ಒಂದು ಅಂಕದ ಉತ್ತರಕ್ಕೆ ಜೀವ ಬರುತ್ತದೆ.

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. ಕಾಡು ಕಡಿದರು ಎನ್ನುತ್ತದೆ ಕಲ್ಲು. ಆ ಕಾಡಿನಲ್ಲಿ ಮೊದಲೇ ಯಾರಾದರೂ ಇದ್ದರೇ? ಕೆರೆಗೆ ಮಣ್ಣು ಹೊತ್ತವರಿಗೆ ಏನು ಸಿಕ್ಕಿತು? ಕಲ್ಲು ಹೇಳುವುದಿಲ್ಲ. ಹೇಳುವುದಿಲ್ಲ ಎಂದು ಮಕ್ಕಳಿಗೆ ಹೇಳುವ ಧೈರ್ಯ ಶಿಕ್ಷಕರಿಗೆ ಬೇಕು.

ಎರಡನೇ ಸಭೆ ಕೆರೆಯ ಏರಿಯ ಮೇಲೆ. ಕೈಯಲ್ಲಿ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಸ್ಥಳವರ್ಣನಾ ನಕ್ಷೆ ಇರಲಿ. ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಆ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಸಮೋನ್ನತಿ ರೇಖೆಗಳನ್ನು ಬೆರಳಿನಲ್ಲಿ ಹಿಂಬಾಲಿಸಿ, ನೀರು ಎಲ್ಲಿಂದ ಬಂದು ಯಾವ ಕಡೆಗೆ ಕೋಡಿ ಬೀಳಬೇಕು ಎಂದು ಮೊದಲು ಕಾಗದದ ಮೇಲೆ ಊಹಿಸಿ. ಆಮೇಲೆ ನಡೆದು ನೋಡಿ. ರಾಜಕಾಲುವೆ ಎಲ್ಲಿ ತಿರುಗಿದೆ, ಎಲ್ಲಿ ಮಾಯವಾಗಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಭೂಗೋಳ ಓದದೇ ಬಂದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನಕ್ಷೆಯ ಮಾತು ಬಂದಾಗ ಮಕ್ಕಳಿಗೆ ಹೇಳಲು ಇನ್ನೊಂದು ಸಂಗತಿ: ಮಹಾ ತ್ರಿಕೋನಮಿತೀಯ ಸರ್ವೆ ಮದ್ರಾಸಿನಲ್ಲಿ 1802ರಲ್ಲಿ ಅಧಿಕೃತವಾಗಿ ಶುರುವಾಗುವ ಮೊದಲೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರವಲಯದ ಬಯಲಿನಲ್ಲಿ ಸರಪಳಿ ಹಿಡಿದು ಆಧಾರರೇಖೆ ಅಳೆದಿದ್ದ.

ಶಾಸನ ತಮಿಳಿನಲ್ಲಿರುವುದು ತರಗತಿಯಲ್ಲಿ ಕಾವೇರಿಸಬಹುದು. ಹಲಸೂರಿನ ಶಾಲೆಯಲ್ಲಿ ಮನೆಮಾತು ತಮಿಳಾದ ಮಕ್ಕಳು, ಕನ್ನಡದ ಮಕ್ಕಳು, ತೆಲುಗಿನವರು, ಉರ್ದುವಿನವರು ಒಂದೇ ಬೆಂಚಿನಲ್ಲಿರುತ್ತಾರೆ. ‘ಹಾಗಾದರೆ ಇದು ಯಾರ ಊರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಳಗದಲ್ಲಿ ಮೊದಲೇ ಮಾತಾಡಿಕೊಂಡಿರಿ. ಕನ್ನಡ ನಾಡಿನ ಹೊಯ್ಸಳ ದೊರೆಯ ಹೆಸರಿನಲ್ಲಿ ತಮಿಳು ಬರವಣಿಗೆ ಏಕೆ ಬಂತು, ಅದಕ್ಕೆ ಮುಂಚೆ ಈ ಸೀಮೆಯಲ್ಲಿ ಚೋಳರ ಆಡಳಿತ ಎಷ್ಟು ಕಾಲ ಇತ್ತು, ಊರ ಗಾವುಂಡರು ಯಾರು ಎಂಬ ಕಡೆಗೆ ಚರ್ಚೆಯನ್ನು ತಿರುಗಿಸಿದರೆ, ಜಗಳ ಆಡಬೇಕೆಂದಿದ್ದವರೂ ಪುಸ್ತಕ ತೆಗೆದು ನೋಡುತ್ತಾರೆ.

ದಂಡಿನಲ್ಲಿ ನಡಿಗೆ

ಇತಿಹಾಸ ಓದಿದವರಿಗೂ ಜಾರುವ ಒಂದು ಗಂಟು ನಮ್ಮ ಪಠ್ಯದಲ್ಲಿದೆ: 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಒಡೆಯರಿಗೆ ಬಂತು, 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, 1881ರಲ್ಲಿ ಮರಳಿ ಕೊಟ್ಟರು. ಮಕ್ಕಳು ಇಸವಿ ಬಾಯಿಪಾಠ ಮಾಡುತ್ತಾರೆ, ಗಂಟು ಬಿಚ್ಚುವುದಿಲ್ಲ. ದಂಡಿನಲ್ಲಿ ಎರಡು ಗಂಟೆ ನಡೆದರೆ ಬಿಚ್ಚುತ್ತದೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆ ಆದವು. 1881ರಲ್ಲಿ ಮೈಸೂರನ್ನು ಮಹಾರಾಜರಿಗೆ ಒಪ್ಪಿಸಿದರೂ ದಂಡನ್ನು ಒಪ್ಪಿಸಲಿಲ್ಲ. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟರ ಕೈಯಲ್ಲೇ ಉಳಿದು, ಮೈಸೂರಿಗೆ ವಾಪಸು ಬಂದದ್ದು 1947ರಲ್ಲಿ. ಎರಡು ಪುರಸಭೆಗಳೂ ಸೇರಿ ಬೆಂಗಳೂರು ನಗರ ಪಾಲಿಕೆಯಾದದ್ದು 1949ರಲ್ಲಿ. ಹೀಗಾಗಿ 66 ವರ್ಷ ಕಾಲ, ಕಬ್ಬನ್ ಪಾರ್ಕಿನ ಆಚೆ ಒಂದು ಸರ್ಕಾರ, ಈಚೆ ಇನ್ನೊಂದು.

ದಾರಿ ಹೀಗಿರಲಿ: ದಂಡು ರೈಲು ನಿಲ್ದಾಣದಿಂದ ಹೊರಟು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ, ರಸೆಲ್ ಮಾರುಕಟ್ಟೆ, ಕಮರ್ಷಿಯಲ್ ಸ್ಟ್ರೀಟ್, ಕಾಮರಾಜ ರಸ್ತೆ, ಕೊನೆಗೆ ಹಲಸೂರು ಕೆರೆ. ನಿಲ್ದಾಣದಲ್ಲಿ ಕೇಳಬೇಕಾದ ಪ್ರಶ್ನೆ: 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ಪೇಟೆಗೆ ಹೋಗದೆ ದಂಡಿನಲ್ಲೇ ಏಕೆ ನಿಂತಿತು? ಮದ್ರಾಸ್ ಪ್ರಾಂತ್ಯಕ್ಕೆ ಬೆಸೆದ ಆ ಹಳಿಯ ಮೇಲೆ ಯಾರು ಬಂದರು, ಸೈನ್ಯಕ್ಕೆ ಮಾಂಸ, ದಿನಸಿ, ಬಟ್ಟೆ ಒದಗಿಸುತ್ತಿದ್ದವರು ಯಾರು? ಶಿವಾಜಿನಗರ, ಹಲಸೂರುಗಳಲ್ಲಿ ಇಂದು ಕೇಳಿಬರುವ ಭಾಷೆಗಳಿಗೆ ಅಲ್ಲೇ ಉತ್ತರದ ಒಂದು ತುದಿ ಇದೆ. ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆ, ಎಂ.ಜಿ. ರಸ್ತೆ ಸೌತ್ ಪರೇಡ್. ಇನ್‌ಫೆಂಟ್ರಿ, ಬ್ರಿಗೇಡ್ ಎಂಬ ಹೆಸರುಗಳು ಇನ್ನೂ ಬಳಕೆಯಲ್ಲಿವೆ. ಯಾವ ಹೆಸರು ಬದಲಾಯಿತು, ಯಾವುದು ಉಳಿಯಿತು ಎಂದು ಮಕ್ಕಳು ಪಟ್ಟಿ ಮಾಡಿದರೆ ಅದು ಒಂದು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಸಾಕು.

ರಸೆಲ್ ಮಾರುಕಟ್ಟೆ 1927ರ ಕಟ್ಟಡ, 2012ರಲ್ಲಿ ಬೆಂಕಿ ಬಿದ್ದು ಚೇತರಿಸಿಕೊಂಡದ್ದು. ಇಲ್ಲಿ ವಾಸ್ತುಶಿಲ್ಪದ ವರ್ಣನೆಯಲ್ಲಿ ಕಾಲ ಕಳೆಯಬೇಡಿ, ಅರ್ಥಶಾಸ್ತ್ರಕ್ಕೆ ಬನ್ನಿ. ಒಂದೇ ವಸ್ತು ಹಿಡಿಯಿರಿ, ಉದಾಹರಣೆಗೆ ಕಿತ್ತಳೆ. ಇದು ಯಾವ ಊರಿನದು, ಯಾವ ಮಂಡಿಯಿಂದ ಬಂತು, ನಡುವೆ ಎಷ್ಟು ಕೈ ದಾಟಿತು, ಸಂಜೆ ಉಳಿದದ್ದು ಎಲ್ಲಿಗೆ ಹೋಗುತ್ತದೆ. ನಾಲ್ವರು ಶಿಕ್ಷಕರು ನಾಲ್ಕು ಅಂಗಡಿಯಲ್ಲಿ ಅದೇ ಪ್ರಶ್ನೆ ಕೇಳಿ, ಆಮೇಲೆ ಉತ್ತರಗಳನ್ನು ತಾಳೆ ನೋಡಿ. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಹೋಗಿ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ; ಮಧ್ಯಾಹ್ನ ಮೂರರ ಸುಮಾರಿಗೆ ಮಾತಿಗೆ ಸಿಗುತ್ತಾರೆ. ಏನಾದರೂ ಕೊಂಡು ಮಾತು ಶುರುಮಾಡಿ. ಮೊಬೈಲ್ ಕ್ಯಾಮೆರಾ ಎತ್ತುವ ಮೊದಲು ಕೇಳಿ. ಹಲಸೂರು ಕೆರೆಯ ಸುತ್ತ ಮದ್ರಾಸ್ ಸ್ಯಾಪರ್ಸ್‌ನ, ಅಂದರೆ ಎಂಇಜಿಯ ಜಾಗವಿದೆ. ಸೇನೆಯ ಆವರಣದ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ, ಮಕ್ಕಳ ಜೊತೆ ಇದ್ದಾಗ ಅಂತೂ ಇದನ್ನು ಮುಂಚೆಯೇ ಎರಡು ಸಲ ಹೇಳಿ.

ಕಾರ್ಖಾನೆ ನೆನಪುಗಳು

ಕೆ.ಆರ್. ಪುರದ ಕಡೆಯವರು ಶಾಸನ ಬಿಟ್ಟರೂ ಸರಿ, ಕಾರ್ಖಾನೆ ಬಿಡಬಾರದು. ದೂರವಾಣಿನಗರದ ಐಟಿಐ 1948ರಲ್ಲಿ ಶುರುವಾಯಿತು, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಈಗ ಮುಚ್ಚಿದೆ, ಎಚ್‌ಎಎಲ್ 1940ರದ್ದು. ‘ಸಾರ್ವಜನಿಕ ವಲಯ’, ‘1991ರ ಉದಾರೀಕರಣ’ ಎಂಬ ಒಣ ಶಬ್ದಗಳಿಗೆ ಮಾಂಸ ತುಂಬುವವರು ನಿವೃತ್ತ ಕಾರ್ಮಿಕರು. ನಿಮ್ಮ ತರಗತಿಯ ಮಕ್ಕಳ ಅಜ್ಜಂದಿರಲ್ಲೇ ಅಂಥವರು ಇರಬಹುದು. ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಬೀದಿಗಳು, ಟೌನ್‌ಶಿಪ್‌ನ ಶಾಲೆ, ಕ್ಯಾಂಟೀನು, ಎಲ್ಲ ಭಾಷೆಯವರ ರಾಜ್ಯೋತ್ಸವ, 1980–81ರ ಸಾರ್ವಜನಿಕ ವಲಯದ ದೊಡ್ಡ ಮುಷ್ಕರ: ಪಠ್ಯಪುಸ್ತಕದ ಸಮಾಜಶಾಸ್ತ್ರ ಭಾಗದಲ್ಲಿ ಬರುವ ದುಡಿಮೆ, ಸಾಮಾಜಿಕ ಚಳವಳಿಗಳ ಪಾಠಕ್ಕೆ ಇವುಗಳಿಗಿಂತ ಹತ್ತಿರದ ಉದಾಹರಣೆ ಬೇಕೇ?

ಮೌಖಿಕ ಇತಿಹಾಸ ಸಂಗ್ರಹಿಸುವಾಗ ಕೆಲವು ಶಿಸ್ತುಗಳಿವೆ. ಏಕೆ ಕೇಳುತ್ತಿದ್ದೇವೆ, ಎಲ್ಲಿ ಬಳಸುತ್ತೇವೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಹೆಸರು ಬೇಡವೆಂದರೆ ಬೇಡ. ಮುಕ್ಕಾಲು ಗಂಟೆ ಮೀರಬೇಡಿ. ‘ಆ ಕಾಲ ಚೆನ್ನಾಗಿತ್ತಾ?’ ಎಂದು ಕೇಳಿದರೆ ‘ಹೂಂ, ಬಹಳ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಮೊದಲ ಸಂಬಳದಲ್ಲಿ ಏನು ತಂದಿರಿ?’, ‘ಮುಷ್ಕರದ ದಿನಗಳಲ್ಲಿ ಮನೆಯ ದಿನಸಿಗೆ ಏನು ಮಾಡಿದಿರಿ?’ ಎಂದು ಕೇಳಿ. ಇಬ್ಬರ ನೆನಪುಗಳು ಹೊಂದದಿದ್ದರೆ ಒಂದನ್ನು ತಿದ್ದಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಹಳೆಯ ಪತ್ರಿಕೆಯ ವರದಿಯನ್ನು ಮೂರನೆಯದಾಗಿ ಸೇರಿಸಿ ಮಕ್ಕಳ ಮುಂದಿಡಿ. ಮನೆಯ ಹೆಂಗಸರನ್ನು ಮಾತಾಡಿಸಲು ಮರೆಯಬೇಡಿ. ಮುಷ್ಕರದ ಅರ್ಥಶಾಸ್ತ್ರ ಅವರಿಗೆ ಯೂನಿಯನ್ನಿನವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪೌರನೀತಿಗೆ ಈಗಲೇ ಕೈಹಾಕಿ

ರಾಜ್ಯಶಾಸ್ತ್ರದ ಟಿಪ್ಪಣಿಗಳನ್ನು ಎಲ್ಲಕ್ಕಿಂತ ಮೊದಲು ಹೊಸದು ಮಾಡಿಕೊಳ್ಳಬೇಕು. ಬಿಬಿಎಂಪಿಯ ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮತ್ತೊಂದು ಚುನಾವಣೆ ಕಾಣದೆಯೇ ಆ ಪಾಲಿಕೆ ಕೊನೆಗೊಂಡಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರಲ್ಲಿ ಪ್ರಾಧಿಕಾರ ಬಂತು, ಅದರಡಿ ಐದು ನಗರ ಪಾಲಿಕೆಗಳು ಬಂದವು. ಶಿವಾಜಿನಗರ ಕೇಂದ್ರ ಪಾಲಿಕೆಯಲ್ಲಿದೆ, ಕೆ.ಆರ್. ಪುರ ಪೂರ್ವ ಪಾಲಿಕೆಯಲ್ಲಿ, ಪುಲಿಕೇಶಿನಗರ ಉತ್ತರದಲ್ಲಿ. ಒಂದೇ ಬಳಗದ ಶಿಕ್ಷಕರು ಮೂರು ಪಾಲಿಕೆಗಳ ಪ್ರಜೆಗಳು!

ಸಭೆಯಲ್ಲಿ ಕಾಯ್ದೆಯ ಕನ್ನಡ ಪಠ್ಯದಿಂದ ವಾರ್ಡ್ ಸಮಿತಿಯ ಭಾಗವನ್ನು ಮಾತ್ರ ಓದಿ, ಸಂವಿಧಾನದ 74ನೇ ತಿದ್ದುಪಡಿ ಏನು ಬಯಸಿತ್ತು ಎಂಬುದರ ಪಕ್ಕದಲ್ಲಿಡಿ. 1949ರಲ್ಲಿ ಎರಡನ್ನು ಒಂದು ಮಾಡಿದ ಊರು 2025ರಲ್ಲಿ ಒಂದನ್ನು ಐದು ಮಾಡಿದ್ದೇಕೆ ಎಂಬ ಪ್ರಶ್ನೆಯನ್ನು ಹತ್ತನೆಯ ತರಗತಿಗೆ ಕೊಟ್ಟರೆ ಚರ್ಚೆ ಒಂದು ಪೀರಿಯಡ್‌ಗೆ ಮುಗಿಯುವುದಿಲ್ಲ. ಪಕ್ಷದ ಮಾತು ಬಂದಾಗ ಶಿಕ್ಷಕರು ತಮ್ಮ ಮತವನ್ನು ಜೇಬಿನಲ್ಲಿಟ್ಟುಕೊಂಡು ಎರಡೂ ಕಡೆಯ ವಾದವನ್ನು ಮಕ್ಕಳ ಕೈಯಲ್ಲೇ ಬರೆಸುವುದು ಒಳ್ಳೆಯದು. ವಿಭೂತಿಪುರದ ಕೆರೆಗೆ ಈಗ ಯಾರು ಹೊಣೆ ಎಂದು ಹುಡುಕಲು ಹೊರಟರೆ ಇತಿಹಾಸದ ಪಾಠ ಪೌರನೀತಿಗೆ ತಾನಾಗಿ ಬಂದು ಸೇರುತ್ತದೆ.

ಪಾಠ ನೋಡುವುದು, ಶಿಕ್ಷಕರನ್ನು ನೋಡುವುದಲ್ಲ

ಇಷ್ಟೆಲ್ಲ ಓಡಾಡಿದ್ದು 40 ನಿಮಿಷದ ಒಂದು ಪಾಠವಾಗದಿದ್ದರೆ ಅದು ಪ್ರವಾಸ ಅಷ್ಟೇ. ಜಪಾನಿನ ಶಾಲೆಗಳಲ್ಲಿ ಜುಗ್ಯೋ ಕೆನ್‌ಕ್ಯೂ ಎಂಬ ಪದ್ಧತಿ ಶತಮಾನಕ್ಕೂ ಹಿಂದಿನಿಂದ ನಡೆದುಬಂದಿದೆ: ಶಿಕ್ಷಕರೆಲ್ಲ ಸೇರಿ ಒಂದು ಪಾಠ ಹೆಣೆಯುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ತರಗತಿಯ ಬದಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಪಾಠವನ್ನು ತಿದ್ದಿ ಇನ್ನೊಬ್ಬರು ಬೋಧಿಸುತ್ತಾರೆ. ನಮ್ಮಲ್ಲಿ ತರಗತಿಗೆ ಹೊರಗಿನವರು ಬಂದರೆ ಅದು ಇನ್‌ಸ್ಪೆಕ್ಷನ್ ಎಂದೇ ಅರ್ಥ, ಎದೆ ಡವಗುಟ್ಟುತ್ತದೆ. ಅದಕ್ಕೇ ನಿಯಮ ಬಿಗಿಯಾಗಿರಲಿ. ನೋಡುವವರು ಮಕ್ಕಳು ಆಡಿದ ಮಾತು, ಮಾಡಿದ ಕೆಲಸವನ್ನಷ್ಟೇ ಬರೆದುಕೊಳ್ಳಬೇಕು. ‘ಕಪ್ಪುಹಲಗೆ ಬಳಕೆ ಚೆನ್ನಾಗಿತ್ತು’, ‘ಧ್ವನಿ ಏರಿಳಿತ ಸಾಲದು’ ಎಂಬ ಬಿ.ಇಡಿ. ಕಾಲದ ವಾಕ್ಯಗಳಿಗೆ ಪ್ರವೇಶವಿಲ್ಲ. ‘ಮೂರನೇ ಬೆಂಚಿನ ಹುಡುಗಿ, ಕಲ್ಲನ್ನು ಓದಲು ಬಾರದವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದಳು, ಉತ್ತರ ಸಿಗಲಿಲ್ಲ’ ಎಂಬಂಥ ಟಿಪ್ಪಣಿ ಬೇಕು. ಅಂಥ ಒಂದು ಟಿಪ್ಪಣಿ ಮುಂದಿನ ತಿಂಗಳ ಸಭೆಯ ಕಾರ್ಯಸೂಚಿಯಾಗುತ್ತದೆ.

ಬೇರೆ ಶಾಲೆಗೆ ಹೋಗಿ ಪಾಠ ನೋಡಲು ಒಂದು ಪೀರಿಯಡ್ ಬಿಡುವು ಬೇಕು, ಇಬ್ಬರು ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಸಿಗದಿದ್ದರೆ ಪಾಠದ ಧ್ವನಿಯನ್ನು ಮುದ್ರಿಸಿಕೊಂಡು ಶನಿವಾರ ಕೇಳಿ. ವಿಡಿಯೊಗಿಂತ ಇದು ಮೇಲು: ಮಕ್ಕಳ ಮುಖ ಬರುವುದಿಲ್ಲ, ನಾವೆಷ್ಟು ಮಾತಾಡುತ್ತೇವೆ, ಮಕ್ಕಳಿಗೆ ಎಷ್ಟು ಬಿಡುತ್ತೇವೆ ಎಂಬುದು ನಿರ್ದಾಕ್ಷಿಣ್ಯವಾಗಿ ಕೇಳಿಸುತ್ತದೆ.

ದಾಖಲೆ, ವೇಳಾಪಟ್ಟಿ

ಪ್ರತಿ ಸಭೆಗೆ ಒಂದೇ ಪುಟ: ದಿನಾಂಕ, ಹೊತ್ತು, ಹಾಜರಿದ್ದವರು, ಓದಿದ ಆಧಾರ, ಹುಟ್ಟಿದ ಪಾಠ, ಉಳಿದ ಪ್ರಶ್ನೆ. ಎಲ್ಲರ ಸಹಿ. ಇದು 50 ಗಂಟೆಯ ಲೆಕ್ಕಕ್ಕೆ ಸೇರುವುದೋ ಇಲ್ಲವೋ ಎಂಬುದನ್ನು ಆಯಾ ಶಾಲೆ ಮತ್ತು ಮಂಡಳಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಸೇರದಿದ್ದರೂ ಪುಟ ಬರೆಯಿರಿ. ತಯಾರಾದ ಪಾಠ, ನಕ್ಷೆ, ಸಂದರ್ಶನಗಳನ್ನು ಕೋಯರ್‌ನಂಥ ಮುಕ್ತ ತಾಣಕ್ಕೆ ಹಾಕಿದರೆ ಬೀದರಿನ ಶಿಕ್ಷಕರೂ ತಮ್ಮ ಊರಿನ ಕೆರೆಗೆ ಅದೇ ಅಚ್ಚು ಬಳಸಬಹುದು. ಮಕ್ಕಳ ಹೆಸರು, ಫೋಟೊ ತೆಗೆದುಹಾಕಿ.

ವರ್ಷದ ಹಂಚಿಕೆ ಸುಮಾರಾಗಿ ಹೀಗೆ. ಜೂನ್‌ನಲ್ಲಿ ಉತ್ತರ ಪತ್ರಿಕೆಗಳ ಕೆಲಸ, ಬಳಗ ಕಟ್ಟುವುದು. ಜುಲೈ, ಆಗಸ್ಟ್‌ನಲ್ಲಿ ಶಾಸನ ಓದು. ಮಳೆ ಬಿಟ್ಟ ಒಂದು ಶನಿವಾರ ಕೆರೆ. ಸೆಪ್ಟೆಂಬರ್‌ನಲ್ಲಿ ಮೊದಲ ಪಾಠ ವೀಕ್ಷಣೆ. ದಸರಾ ರಜೆಯಲ್ಲಿ ದಂಡಿನ ನಡಿಗೆ. ನವೆಂಬರ್, ಡಿಸೆಂಬರ್‌ಗೆ ಕಾರ್ಖಾನೆಯ ಸಂದರ್ಶನ, ಪಾಲಿಕೆಯ ಕಾಯ್ದೆ. ಜನವರಿಯಿಂದ ಮಾರ್ಚ್‌ವರೆಗೆ ಎಸ್‌ಎಸ್‌ಎಲ್‌ಸಿ ಬಿಟ್ಟು ಬೇರೇನೂ ನಡೆಯದು, ನಡೆಸಲು ಹೋಗಲೂಬೇಡಿ. ಮೌಲ್ಯಮಾಪನ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ರಾಜ್ಯ ಪತ್ರಾಗಾರಕ್ಕೆ ಒಮ್ಮೆ ಹೋಗಿಬನ್ನಿ. ದಂಡಿನ ಆಡಳಿತದ ಹಳೆಯ ಕಡತಗಳು ಅಲ್ಲಿವೆ. ಕೆಲಸದ ದಿನಗಳಲ್ಲಿ ಮಾತ್ರ ತೆರೆದಿರುವುದರಿಂದ ಬೇಸಿಗೆ ರಜೆಯೇ ಅನುಕೂಲ. ಗುರುತಿನ ಚೀಟಿ, ಮುಖ್ಯ ಶಿಕ್ಷಕರ ಪತ್ರ, ಪೆನ್ಸಿಲ್ ಜೊತೆಗಿರಲಿ. ಹಳೆಯ ಕಡತಗಳ ಹತ್ತಿರ ಪೆನ್ನು ತೆರೆಯಬೇಡಿ. ಹೋಗುವ ಮೊದಲು ಯಾವ ವರ್ಷದ, ಯಾವ ವಿಷಯದ ಕಡತ ಬೇಕೆಂದು ಬರೆದುಕೊಂಡು ಹೋಗಿ. 1898ರ ಪ್ಲೇಗು ಎಂದು ಕೇಳಿದರೆ ಹುಡುಕಿಕೊಡುವುದು ಸುಲಭ, ಬೆಂಗಳೂರಿನ ಇತಿಹಾಸ ಎಂದು ಕೇಳಿದರೆ ಅವರಾದರೂ ಏನು ಮಾಡಿಯಾರು.